ಫೆನ್ನೊ ಬರೀ ವರದಿಗಾರರಲ್ಲ

ಅಮೆರಿಕದ ಶಾಸಕಾಂಗ ಅಧ್ಯಯನದ ಚರಿತ್ರೆ ಹೇಳುವವರು ರಿಚರ್ಡ್ ಫೆನ್ನೊ ಅವರ ಹೆಸರು ಬಂದ ಕೂಡಲೇ ಒಂದೇ ಮಾತು ಆಡುತ್ತಾರೆ: ನೋಟ ಸೂಕ್ಷ್ಮ, ಬರವಣಿಗೆ ಸೊಗಸು, ಆದರೆ ಸಿದ್ಧಾಂತ ಕಟ್ಟಿದವರು ಬೇರೆಯವರು. ಆ ಮನ್ನಣೆ 1974ರಲ್ಲಿ 'ಕಾಂಗ್ರೆಸ್: ದಿ ಎಲೆಕ್ಟೋರಲ್ ಕನೆಕ್ಷನ್' ಬರೆದ ಡೇವಿಡ್ ಮೇಹ್ಯೂ ಅವರಿಗೋ, ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಫೆನ್ನೊ ಅವರ ಸಹೋದ್ಯೋಗಿಯಾಗಿದ್ದು ರಾಜಕೀಯವನ್ನು ಗಣಿತದ ಸೂತ್ರಗಳಿಗೆ ಒಗ್ಗಿಸಿದ ವಿಲಿಯಂ ರೈಕರ್ ಅವರಿಗೋ ಹೋಗುತ್ತದೆ. ಹೊಗಳಿಕೆಯ ದನಿಯಲ್ಲಿ ಬರುವ ಈ ತೀರ್ಪನ್ನು ನಾನು ಒಪ್ಪಲಾರೆ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯನಿಗೆ ಮರುಆಯ್ಕೆಯೊಂದೇ ಗುರಿ ಎಂದು ಇಟ್ಟುಕೊಂಡರೆ ಅವನ ನಡವಳಿಕೆಯೆಲ್ಲ ಅರ್ಥವಾಗುತ್ತದೆ ಎಂಬುದು ಮೇಹ್ಯೂ ವಾದ. ಚೊಕ್ಕ ವಾದವೇ. ಆದರೆ ಅದಕ್ಕೆ ಒಂದು ವರ್ಷ ಮೊದಲೇ 'ಕಾಂಗ್ರೆಸ್‌ಮೆನ್ ಇನ್ ಕಮಿಟೀಸ್' ಪುಸ್ತಕದಲ್ಲಿ ಫೆನ್ನೊ ಮೂರು ಗುರಿಗಳನ್ನು ಬಿಡಿಸಿ ತೋರಿಸಿದ್ದರು: ಮರುಆಯ್ಕೆ, ಸದನದೊಳಗಿನ ಪ್ರಭಾವ, ಒಳ್ಳೆಯ ನೀತಿ. ಅಂಚೆ ಸಮಿತಿಗೆ ಹೋಗುವವರು ಕ್ಷೇತ್ರದ ಕೆಲಸಕ್ಕಾಗಿ, ವಿನಿಯೋಗ ಸಮಿತಿಗೆ ಹೋಗುವವರು ಅಧಿಕಾರಕ್ಕಾಗಿ, ಶಿಕ್ಷಣ ಮತ್ತು ಕಾರ್ಮಿಕ ಸಮಿತಿಗೆ ಹೋಗುವವರು ನೀತಿಗಾಗಿ ಹೋಗುತ್ತಿದ್ದರು. ಆದ್ದರಿಂದಲೇ ಒಂದೊಂದು ಸಮಿತಿ ಒಂದೊಂದು ಬಗೆಯಲ್ಲಿ ನಡೆಯುತ್ತದೆ. ಇದು ಸಿದ್ಧಾಂತವಲ್ಲದಿದ್ದರೆ ಸಿದ್ಧಾಂತ ಯಾವುದು?

ಅವರ ನಿಜವಾದ ಸಾಹಸ 1978ರ 'ಹೋಮ್ ಸ್ಟೈಲ್'. ಪ್ರತಿನಿಧಿ ತನ್ನ ಕ್ಷೇತ್ರದತ್ತ ನೋಡಿದಾಗ ಅವನಿಗೆ ಕಾಣುವುದೇನು ಎಂಬ ಪ್ರಶ್ನೆ ಹಿಡಿದು, 1970ರ ದಶಕದಲ್ಲಿ 18 ಮಂದಿ ಪ್ರತಿನಿಧಿಗಳ ಜೊತೆ ಅವರವರ ಊರುಗಳಲ್ಲಿ ತಿರುಗಿದರು. ಕಾರಿನಲ್ಲಿ ಜೊತೆ ಕೂತರು, ಸಭೆಗಳಲ್ಲಿ ಹಿಂದೆ ನಿಂತು ಕೇಳಿದರು. ಕಂಡದ್ದೇನೆಂದರೆ ಪ್ರತಿನಿಧಿಗೆ ಕ್ಷೇತ್ರ ಒಂದಲ್ಲ, ಒಂದರೊಳಗೊಂದು ಇರುವ ನಾಲ್ಕು ವೃತ್ತಗಳು: ಇಡೀ ಭೂಪ್ರದೇಶ, ತನಗೆ ಮತ ಹಾಕುವವರು, ಪಕ್ಷದೊಳಗಿನ ಪ್ರೈಮರಿಯಲ್ಲೂ ಕೈಬಿಡದ ಗಟ್ಟಿ ಬೆಂಬಲಿಗರು, ಕೊನೆಗೆ ಹತ್ತಾರು ಆಪ್ತರು. ಊರಿನಲ್ಲಿ ಅವನು ಗಳಿಸುವುದು ನಂಬಿಕೆ; ಆ ನಂಬಿಕೆಯಿದ್ದರೆ ವಾಷಿಂಗ್ಟನ್‌ನಲ್ಲಿ ಜನರಿಗೆ ಹಿಡಿಸದ ಮತವನ್ನೂ ಹಾಕಿ ಬಂದು, ಯಾಕೆ ಹಾಕಿದೆನೆಂದು ವಿವರಿಸಿ ಉಳಿದುಕೊಳ್ಳಬಲ್ಲ. ಕಾಂಗ್ರೆಸ್ಸನ್ನು ಬೈಯುವ ಮತದಾರರು ತಮ್ಮ ಸದಸ್ಯನನ್ನು ಮಾತ್ರ ಮೆಚ್ಚುವುದೇಕೆ ಎಂಬ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ: ಸದಸ್ಯರೇ ಊರಿಗೆ ಬಂದು ಸಂಸ್ಥೆಯನ್ನು ಬೈದು ತಾವು ಗೆಲ್ಲುತ್ತಾರೆ. ಮೇಹ್ಯೂ ಅವರ ಮಾದರಿಯಲ್ಲಿ ಮತದಾರ ದೂರದಲ್ಲಿರುವ ಒಂದು ಒತ್ತಡ. ಫೆನ್ನೊ ಅವರಲ್ಲಿ ಮಾತ್ರ ಅವನಿಗೆ ಮುಖವಿದೆ.

ಹದಿನೆಂಟು ಜನರಿಂದ ಏನು ಸಾಬೀತಾದೀತು, ಅವರೂ ಜೊತೆಗೆ ಬರಲು ಒಪ್ಪಿಗೆ ಕೊಟ್ಟವರಷ್ಟೇ ಅಲ್ಲವೇ ಎಂದು ಕೇಳುವವರಿದ್ದಾರೆ. ಸಂಖ್ಯೆಯಿಂದ ಸಾಬೀತು ಮಾಡುವ ಕೆಲಸ ಬೇರೆ, ಏನನ್ನು ಎಣಿಸಬೇಕೆಂದು ಕಂಡುಹಿಡಿಯುವ ಕೆಲಸ ಬೇರೆ. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಆಧಾರವೇ ಇಲ್ಲ. ಹೆಚ್ಚು ತೂಕದ ಆಕ್ಷೇಪ ಇನ್ನೊಂದಿದೆ: ಜೊತೆಗೆ ಓಡಾಡಿದವನಿಗೆ ರಾಜಕಾರಣಿಗಳ ಬಗ್ಗೆ ಮಮತೆ ಹುಟ್ಟುತ್ತದೆ, ಹಣದ ಬಲ ಅವನ ಕಣ್ಣಿಗೆ ಸಣ್ಣದಾಗುತ್ತದೆ. ಹುಟ್ಟುತ್ತದೆ, ನಿಜ, ಆ ಅಪಾಯವನ್ನು ಪುಸ್ತಕದ ಅನುಬಂಧದಲ್ಲಿ ಫೆನ್ನೊ ಅವರೇ ಮುಂದಿಟ್ಟು ಚರ್ಚಿಸಿದ್ದಾರೆ. ಆ ಮಮತೆಗೆ ನಾನೂ ಪಾಲುದಾರ. ಚುನಾಯಿತರನ್ನು ಮನುಷ್ಯರೆಂದು ಕಾಣದ ವಿದ್ವತ್ತು ಪ್ರಜಾಪ್ರಭುತ್ವವನ್ನು ಅರ್ಥ ಮಾಡಿಕೊಂಡೀತೆಂದು ನನಗೆ ನಂಬಿಕೆಯಿಲ್ಲ. ಪಕ್ಷಗಳ ಧ್ರುವೀಕರಣದಿಂದ ಕ್ಷೇತ್ರದ ವೈಯಕ್ತಿಕ ನಂಟು ಸಡಿಲಗೊಂಡಿದೆಯೆನ್ನುವುದೂ ನಿಜ. ಆದರೆ ಏನು ಸಡಿಲಗೊಂಡಿತೆಂದು ಅಳೆಯಲು ನಮಗಿರುವ ಅಳತೆಗೋಲು ಫೆನ್ನೊ ಕೊಟ್ಟದ್ದೇ.

ಎಣಿಸುವುದಕ್ಕೂ ಹೋಗಿ ನೋಡುವುದಕ್ಕೂ ನಡುವಿನ ಈ ಜಗಳ ಅಮೆರಿಕದ್ದಷ್ಟೇ ಅಲ್ಲ. ವೋಟ್ ಬ್ಯಾಂಕ್ ಎಂಬ ಕಲ್ಪನೆಯನ್ನು 1955ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮುಂದಿಟ್ಟದ್ದು, ಅವರು ರಾಂಪುರವೆಂದು ಕರೆದ ಮೈಸೂರು ಸೀಮೆಯ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಬಂದ ಮೇಲೆ. ಇವತ್ತು ನಮ್ಮಲ್ಲಿ ಚುನಾವಣೆಯ ವಿದ್ವತ್ತೆಂದರೆ ಸೀಟಿನ ಲೆಕ್ಕ, ಶೇಕಡಾವಾರು ಸ್ವಿಂಗ್, ಜಾತಿವಾರು ಕೋಷ್ಟಕ. ಫಲಿತಾಂಶ ಬಂದ ಸಂಜೆಗೆ ಇವು ಸಾಕು. ಆದರೆ ಗೆದ್ದ ಶಾಸಕ ಮರುದಿನ ಮನೆಯಂಗಳದಲ್ಲಿ ಅರ್ಜಿ ಹಿಡಿದು ನಿಂತವರಲ್ಲಿ ಯಾರನ್ನು ಮೊದಲು ಕರೆಯುತ್ತಾನೆ, ಯಾರಿಗೆ ನಾಳೆ ಬಾ ಎನ್ನುತ್ತಾನೆ, ಸದನದಲ್ಲಿ ಹಾಕಿದ ಮತವನ್ನು ಅವರಿಗೆ ವಿವರಿಸುತ್ತಾನೋ ಇಲ್ಲವೋ ಎಂಬುದನ್ನು ಯಾವ ಕೋಷ್ಟಕವೂ ಹೇಳದು. ಅದನ್ನು ತಿಳಿಯಬೇಕಾದವರು ಆ ಅಂಗಳದಲ್ಲಿ ಹೋಗಿ ನಿಲ್ಲಬೇಕು.