ಕೊಬ್ಬರಿ ಕೊಠಡಿಯಲ್ಲಿ ಎಪಿ 20

ಗುಬ್ಬಿ ತಾಲ್ಲೂಕಿನಲ್ಲಿರುವ ನಮ್ಮ ಅಕ್ಕನ ಮನೆಯ ಕೊಬ್ಬರಿ ಕೊಠಡಿ ಹನ್ನೆರಡು ಮೀಟರ್ ಉದ್ದವಿದೆ. ಟೇಪು ಹಿಡಿದು ಅಳೆದವನು ನಾನೇ. ಗುರಿಹಲಗೆಗೆ ಹತ್ತು ಮೀಟರ್, ಹಿಂದೆ ನಿಂತುಕೊಳ್ಳಲು ಒಂದೂವರೆ, ಉಳಿದದ್ದು ಪೆಲೆಟ್ ಹಿಡಿಯುವ ಕಬ್ಬಿಣದ ಪೆಟ್ಟಿಗೆಗೆ. ಗುರಿಯ ನಡುಬಿಂದು ನೆಲದಿಂದ 140 ಸೆಂಟಿಮೀಟರ್ ಎತ್ತರದಲ್ಲಿದೆ. ಅಕ್ಕನ ಮಗಳಿಗೆ ಈಗ ಹದಿನಾಲ್ಕು. ವಾರಕ್ಕೊಂದು ದಿನ ಬೆಂಗಳೂರಿಗೆ ಹೋಗಿ ಏರ್ ಪಿಸ್ತೂಲು ಕಲಿಯುತ್ತಾಳೆ, ಉಳಿದ ದಿನಗಳ ಅಭ್ಯಾಸ ಇಲ್ಲೇ. ಅವಳ ಕೈಯಲ್ಲಿರುವುದು ಹೆಮ್ಮೆರ್ಲಿ ಎಪಿ 20. ಅದು ಮನೆಗೆ ಬಂದ ದಿನ ಭಾವ ಕೈಯಲ್ಲಿ ತೂಗಿ ನೋಡಿ ಕೇಳಿದ್ದು ಒಂದೇ ಮಾತು: ‘ಇದೇನು, ಪ್ಲಾಸ್ಟಿಕ್ಕಾ?’

ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸಾಕಷ್ಟು ದುಡ್ಡು ಕೊಟ್ಟು ಹೊರದೇಶದಿಂದ ತರಿಸಿದ ವಸ್ತು ಕೈಗೆ ಹಗುರ ಅನ್ನಿಸಿದರೆ ಮೋಸಹೋದೆವೇನೋ ಎಂಬ ಅಳುಕು ಹುಟ್ಟುವುದು ಸಹಜ. ಅದರಲ್ಲೂ ಇದು ತುಮಕೂರು ಸೀಮೆ. ಎಚ್‌ಎಂಟಿಯ ಗಡಿಯಾರ ಕಾರ್ಖಾನೆ ಇದ್ದ ಊರು. ಉಕ್ಕಿನ ಕವಚ, ಉಕ್ಕಿನ ಪಟ್ಟಿ, ಕಿವಿಗಿಟ್ಟರೆ ಟಿಕ್ ಟಿಕ್ ಸದ್ದು: ನಿಖರತೆ ಎಂದರೆ ಲೋಹ ಎಂದೇ ನಂಬಿ ಬೆಳೆದ ತಲೆಮಾರು ನಮ್ಮದು. ಎರಡು ವರ್ಷ ಈ ಪಿಸ್ತೂಲನ್ನು ಹತ್ತಿರದಿಂದ ನೋಡಿದ ಮೇಲೆ ಭಾವನ ಪ್ರಶ್ನೆಗೆ ನನ್ನ ಉತ್ತರ ಇದು: ಪ್ಲಾಸ್ಟಿಕ್ ಹೌದು, ಆದರೆ ಇದರ ಕೊರತೆ ಪ್ಲಾಸ್ಟಿಕ್ಕಿನಲ್ಲಿಲ್ಲ.

ಮೊದಲು ಒಂದು ಗೊಂದಲ ಬಿಡಿಸಬೇಕು. ಪಾಲಿಮರ್ ಪಿಸ್ತೂಲು ಎಂದೊಡನೆ ಸಿನಿಮಾದ ಪೊಲೀಸರ ಕೈಯಲ್ಲಿರುವ ಕಪ್ಪು ಗ್ಲಾಕ್ ನೆನಪಾಗುತ್ತದೆ. ಆಸ್ಟ್ರಿಯಾದ ಸೈನ್ಯಕ್ಕಾಗಿ 1980ರ ದಶಕದ ಆರಂಭದಲ್ಲಿ ರೂಪುಗೊಂಡ ಆ ಪಿಸ್ತೂಲು ನೈಲಾನ್ ಜಾತಿಯ ಪಾಲಿಮರಿಗೆ ಮರ್ಯಾದೆ ತಂದುಕೊಟ್ಟಿತು. ಅದಕ್ಕೂ ಮೊದಲೇ, 1959ರಲ್ಲಿ, ಅಮೆರಿಕದ ರೆಮಿಂಗ್ಟನ್ ನೈಲಾನ್ ಮೈಯ ರೈಫಲ್ ಮಾಡಿತ್ತು. ಆದರೆ ಗ್ಲಾಕಿನ 9 ಎಂಎಂ ಗುಂಡು ನಮ್ಮ ದೇಶದಲ್ಲಿ ನಾಗರಿಕರಿಗೆ ನಿಷಿದ್ಧ. ತುಮಕೂರಿನ ಹುಡುಗ ಹುಡುಗಿಯರಿಗೆ ಸ್ಪರ್ಧೆಯ ಬಾಗಿಲು ತೆರೆಯುವುದು 4.5 ಮಿಲಿಮೀಟರಿನ ಏರ್ ಪಿಸ್ತೂಲು. ಅರ್ಧ ಗ್ರಾಂ ಆಸುಪಾಸಿನ ಸೀಸದ ಪೆಲೆಟ್ ಅನ್ನು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ತಳ್ಳುವ ಯಂತ್ರ. 20 ಜೌಲ್ ಮೀರದ ಈ ಅಳತೆಯ ಏರ್‌ಗನ್ನಿಗೆ ಶಸ್ತ್ರ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನ ಶಕ್ತಿ ಆರು ಜೌಲಿನ ಹತ್ತಿರ ಅಷ್ಟೆ.

ಹೆಮ್ಮೆರ್ಲಿ ಸ್ವಿಟ್ಜರ್ಲೆಂಡಿನ ಹಳೆಯ ಹೆಸರು, 1863ರಲ್ಲಿ ಲೆಂಟ್ಸ್‌ಬುರ್ಗಿನಲ್ಲಿ ಶುರುವಾದದ್ದು. ಈಗ ಅದು ಜರ್ಮನಿಯ ಉಮರೆಕ್ಸ್ ಗುಂಪಿನಲ್ಲಿದೆ, ವಾಲ್ಟರ್ ಕೂಡ ಅದೇ ಗುಂಪಿನದು. ರೇಂಜಿಗೆ ಹೋದರೆ ವಾಲ್ಟರ್, ಸ್ಟೈಯರ್, ಮೊರಿನಿ, ಪಾರ್ದಿನಿ ಹೆಸರುಗಳು ಎಲ್ಲರ ಬಾಯಲ್ಲಿ. ಎಪಿ 20 ಬಗ್ಗೆ ಕೇಳಿದರೆ ‘ಮಕ್ಕಳದ್ದು’ ಎಂದು ಮುಂದೆ ಸಾಗುತ್ತಾರೆ. ಮಕ್ಕಳದ್ದೇ ನಿಜ. ಮಕ್ಕಳದ್ದಾದ್ದರಿಂದಲೇ ಅದನ್ನು ಗಂಭೀರವಾಗಿ ಅಳೆಯಬೇಕು.

ಅಳತೆಗೋಲು ಯಾವುದು? ಗುರಿಹಲಗೆಯ ಹತ್ತರ ವರ್ತುಲ 11.5 ಮಿಲಿಮೀಟರ್ ಅಗಲ. ಪೆಲೆಟ್ಟಿನ ಅಂಚು ಆ ಗೆರೆಯನ್ನು ಮುಟ್ಟಿದರೂ ಹತ್ತೇ. ಅಂದರೆ ಪೆಲೆಟ್ಟಿನ ಕೇಂದ್ರ ನಡುಬಿಂದುವಿನಿಂದ ಎಂಟು ಮಿಲಿಮೀಟರ್ ಸರಿದರೂ ಹತ್ತು ಅಂಕ ಸಿಗುತ್ತದೆ. ಈಗ ಎರಡು ತಪ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕೈ ನಡುಗಿ ಪಿಸ್ತೂಲು ಇಡಿಯಾಗಿ ಎಂಟು ಮಿಲಿಮೀಟರ್ ಪಕ್ಕಕ್ಕೆ ಹೋಯಿತು, ಆದರೆ ಮೂತಿಯ ಮೇಲಿನ ಮುಂಗುರಿ, ಹಿಂಬದಿಯ ಸೀಳಿರುವ ಹಿಂಗುರಿ ಒಂದಕ್ಕೊಂದು ನೇರವಾಗಿಯೇ ಇವೆ: ಹತ್ತು. ಕೈ ಅಲ್ಲೇ ಇದೆ, ಆದರೆ ಟ್ರಿಗರ್ ಒತ್ತುವ ಗಳಿಗೆಯಲ್ಲಿ ಮುಂಗುರಿ ಹಿಂಗುರಿಯ ಸೀಳಿನೊಳಗೆ ಕಾಲು ಮಿಲಿಮೀಟರ್ ಜಾರಿತು: ಮುಂಗುರಿ ಹಿಂಗುರಿಗಳ ನಡುವಿನ ಅಂತರ 32 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಹತ್ತು ಮೀಟರ್ ಆಚೆ ಆ ಕಾಲು ಮಿಲಿಮೀಟರೇ ಎಂಟು ಮಿಲಿಮೀಟರಾಗಿ ಬೆಳೆದಿರುತ್ತದೆ. ಕೋಚುಗಳು ಗುರಿಹಲಗೆಯನ್ನು ಮರೆತು ಮುಂಗುರಿ ನೋಡು ಎಂದು ಹೇಳುತ್ತಲೇ ಇರುವುದು ಇದಕ್ಕೆ. ಕಾಲು ಮಿಲಿಮೀಟರಿನ ಆ ಜಾರುವಿಕೆಯನ್ನು ಪಿಸ್ತೂಲು ಎಷ್ಟು ತಡೆಯುತ್ತದೆ, ಎಷ್ಟು ಹೆಚ್ಚಿಸುತ್ತದೆ? ನಾನು ಹಿಡಿದ ಅಳತೆಗೋಲು ಇದೊಂದೇ. ಯಂತ್ರಕ್ಕೆ ಬಿಗಿದು ಹೊಡೆದರೆ ಈ ದರ್ಜೆಯ ಯಾವ ಪಿಸ್ತೂಲೂ ಹತ್ತರೊಳಗೇ ಹೊಡೆಯುತ್ತದೆ, ಅದರಲ್ಲಿ ಹೆಚ್ಚುಗಾರಿಕೆ ಇಲ್ಲ.

ಹೀಗೆ ನೋಡಿದರೆ ಪಾಲಿಮರಿನ ಮೇಲಿನ ಆರೋಪ ಬೇಗ ಬಿದ್ದುಹೋಗುತ್ತದೆ. ಪೆಲೆಟ್ ಸಾಗುವ ನಳಿಗೆ ಲೋಹದ್ದೇ. ಹೊರಗೆ ಕಾಣುವ ಬಣ್ಣದ ಹೊದಿಕೆಯನ್ನು ಕಳಚಿ ಬೇರೆ ಬಣ್ಣದ್ದು ಹಾಕಿಕೊಳ್ಳಬಹುದು. ನಮ್ಮ ಹುಡುಗಿ ನೀಲಿ ಹಾಕಿಕೊಂಡಿದ್ದಾಳೆ. ಆ ಹೊದಿಕೆ ಗಾಳಿಯ ಒತ್ತಡವನ್ನೂ ಹೊರುವುದಿಲ್ಲ, ಪೆಲೆಟ್ಟಿಗೆ ದಾರಿಯನ್ನೂ ತೋರುವುದಿಲ್ಲ. ಭಾವನಿಗೆ ನಾನು ಕೊಟ್ಟ ಉದಾಹರಣೆ ಅವರ ತಾಲ್ಲೂಕಿನದೇ. ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಕಾರ್ಖಾನೆ ಹಗುರ ಹೆಲಿಕಾಪ್ಟರುಗಳಿಗೆಂದು ಕಟ್ಟಿದ್ದು. ಆ ಹೆಲಿಕಾಪ್ಟರಿನ ತಿರುಗುವ ರೆಕ್ಕೆ ನಾರು ಮತ್ತು ರಾಳ ಕೂಡಿಸಿ ಮಾಡಿದ ಕಾಂಪೋಸಿಟ್. ಮನುಷ್ಯರನ್ನು ಆಕಾಶಕ್ಕೆ ಎತ್ತುವ ಕೆಲಸವನ್ನು ಅಂಥ ವಸ್ತುವಿಗೆ ಒಪ್ಪಿಸಿರುವಾಗ ನಳಿಗೆಯ ಹೊದಿಕೆಗೆ ಸಂಕೋಚವೇಕೆ? ಒಂದೇ ಎಚ್ಚರಿಕೆ. ಪಾಲಿಮರಿನೊಳಗೆ ಕೂರುವ ತಿರುಪುಗಳನ್ನು ಬಲ ಬಿಟ್ಟು ಬಿಗಿಯಬಾರದು, ಮರೆ (ಥ್ರೆಡ್) ಸವೆದರೆ ಮತ್ತೆ ಹಿಡಿಯುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೂ ಬಿಡಬಾರದು. ಆ ಎರಡನೆಯ ಮಾತು ಎಲ್ಲ ಪಿಸ್ತೂಲಿಗೂ ಅನ್ವಯಿಸುತ್ತದೆ.

ತೂಕದ ವಿಷಯ ಅಷ್ಟು ಸುಲಭವಲ್ಲ. ಸ್ಪರ್ಧೆಯ ನಿಯಮದ ಪ್ರಕಾರ ಏರ್ ಪಿಸ್ತೂಲು 1500 ಗ್ರಾಂ ಮೀರಬಾರದು. ಎಪಿ 20 ತೂಗುವುದು 900 ಗ್ರಾಂಗಿಂತ ಕಡಿಮೆ. ಅರ್ಹತಾ ಸುತ್ತಿನಲ್ಲಿ 75 ನಿಮಿಷದೊಳಗೆ 60 ಗುಂಡು, ಅದಕ್ಕೆ ಮುಂಚೆ ತಯಾರಿ ಹೊಡೆತಗಳು. ಎಲ್ಲವೂ ಒಂಟಿ ಕೈಯಲ್ಲಿ, ತೋಳು ನೀಡಿಕೊಂಡು. ಹನ್ನೆರಡು ಹದಿನಾಲ್ಕರ ಹೆಗಲಿಗೆ ತೂಕದ ಈ ಉಳಿತಾಯ ಎಂದರೆ ನಲವತ್ತನೆಯ ಗುಂಡಿನಲ್ಲೂ ಮೊದಲನೆಯದರ ಹಾಗೇ ತೋಳು ಎತ್ತಬಹುದು. ಆದರೆ ಹಗುರಕ್ಕೆ ಬೆಲೆಯೂ ಇದೆ. ಭಾರವಾದ ವಸ್ತು ಜಡ, ಬೆರಳಿನ ಸಣ್ಣ ತಪ್ಪಿಗೆ ಅಲುಗುವುದಿಲ್ಲ. ಹಗುರವಾದದ್ದು ಪ್ರತಿ ತಪ್ಪನ್ನೂ ಮುಂಗುರಿಯಲ್ಲಿ ತೋರಿಸುತ್ತದೆ. ಮೇಲಿನ ದರ್ಜೆಯ ಪಿಸ್ತೂಲುಗಳಲ್ಲಿ ಹಿಂದೊಗೆತವನ್ನು ನುಂಗುವ ಸಾಧನವಿರುತ್ತದೆ, ಇದರಲ್ಲಿ ಇಲ್ಲ. ಕಲಿಯುವ ಮಗುವಿಗೆ ಅದು ಒಳ್ಳೆಯದೇ ಎಂದು ನನ್ನ ಅನಿಸಿಕೆ, ತಪ್ಪು ಕಣ್ಣಿಗೆ ಕಾಣುತ್ತದೆ. ನಲವತ್ತು ದಾಟಿ ಹವ್ಯಾಸಕ್ಕೆ ಬರುವವರು ಮಾತ್ರ ಬೆಲೆ ಕಡಿಮೆಯೆಂದು ಇದನ್ನು ಕೊಳ್ಳಬೇಡಿ. ನಾನೇ ಹಿಡಿದು ನೋಡಿದ್ದೇನೆ. ಮುಂಭಾರ ಸಾಲದೆ ಮೂತಿ ತೇಲಿದ ಹಾಗಾಗುತ್ತದೆ, ನಿಲ್ಲುವುದೇ ಇಲ್ಲ.

ಟ್ರಿಗರ್ ಇದರ ಅತ್ಯುತ್ತಮ ಭಾಗ. ನಿಯಮ ಕೇಳುವ ಕನಿಷ್ಠ ಎಳೆತ 500 ಗ್ರಾಂ. ಪರೀಕ್ಷಕರು ಅಷ್ಟೇ ತೂಕವನ್ನು ಟ್ರಿಗರಿಗೆ ನೇತುಹಾಕಿ ಎತ್ತುತ್ತಾರೆ, ಟ್ರಿಗರ್ ಬಿಟ್ಟುಕೊಟ್ಟರೆ ಫೇಲು. ಎಪಿ 20ರ ಟ್ರಿಗರ್ ಮೊದಲು ಸ್ವಲ್ಪ ಸಡಿಲವಾಗಿ ಬಂದು, ಒಂದು ಗೋಡೆಗೆ ತಾಗಿ ನಿಂತು, ಆಮೇಲೆ ಎಳೆದದ್ದೇ ತಿಳಿಯದಂತೆ ಬಿಟ್ಟುಕೊಡುತ್ತದೆ. ಕುಣಿಗಲ್ಲಿನಲ್ಲಿ ಕುದುರೆ ಪಳಗಿಸಿದ ಹಿರಿಯರೊಬ್ಬರು ಲಗಾಮಿನ ಬಗ್ಗೆ ಒಮ್ಮೆ ಹೇಳಿದ್ದರು: ಎಳೆಯಬಾರದು, ಬೆರಳು ಮುಚ್ಚಿದರೆ ಸಾಕು, ಕುದುರೆಗೆ ಗೊತ್ತಾಗುತ್ತದೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕುತ್ತಾ ಬಂದ ಊರಿನ ಆ ಮಾತನ್ನು ಹುಡುಗಿಗೆ ಹೇಳಿದೆ. ಕೋಚು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದು ಆಗ ಅವಳ ಬೆರಳಿಗೆ ಹತ್ತಿತು.

ಇದು ಪೂರ್ತಿ ಯಾಂತ್ರಿಕ ಟ್ರಿಗರ್, ಬ್ಯಾಟರಿ ಇಲ್ಲ. ದೊಡ್ಡ ಪಿಸ್ತೂಲುಗಳ ಎಲೆಕ್ಟ್ರಾನಿಕ್ ಟ್ರಿಗರ್ ಇನ್ನೂ ನಯ, ಒಪ್ಪುತ್ತೇನೆ. ಆದರೆ 2021ರ ಜುಲೈನಲ್ಲಿ ಟೋಕಿಯೊದಲ್ಲಿ ಮನು ಭಾಕರ್ ಅವರಿಗೆ ಆದದ್ದನ್ನು ಮರೆಯಲಾಗದು. ಅರ್ಹತಾ ಸುತ್ತಿನ ನಡುವೆ ಎಲೆಕ್ಟ್ರಾನಿಕ್ ಟ್ರಿಗರಿನ ಪಿಸ್ತೂಲು ಕೆಟ್ಟು, ದುರಸ್ತಿಯಲ್ಲಿ ಅಮೂಲ್ಯ ನಿಮಿಷಗಳು ಹೋದವು. 575 ಅಂಕ, ಹನ್ನೆರಡನೆಯ ಸ್ಥಾನ, ಫೈನಲ್ ಕೈತಪ್ಪಿತು. ಮೂರು ವರ್ಷದ ನಂತರ ಪ್ಯಾರಿಸ್ಸಿನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಅವರ ಬೆನ್ನಿಗೆ ತಂಡವಿತ್ತು, ತಂತ್ರಜ್ಞರಿದ್ದರು. ಕೆಟ್ಟ ಟ್ರಿಗರನ್ನು ಬಿಚ್ಚಬಲ್ಲವರು ಗುಬ್ಬಿಯಲ್ಲಿ ಸಿಗುವುದಿಲ್ಲ. ಬಿಚ್ಚುವ ಅಗತ್ಯವೇ ಕಡಿಮೆ ಇರುವ ಟ್ರಿಗರ್ ನಮಗೆ ಮೇಲು.

ಇನ್ನು ಹಿಡಿ, ಅಂದರೆ ಗ್ರಿಪ್. ಈ ಪಿಸ್ತೂಲಿನ ನಿಜವಾದ ಸೋಲು ಇಲ್ಲಿದೆ. ಮೂಲ ಮಾದರಿಯ ಹಿಡಿಯನ್ನು ಎಡಗೈ, ಬಲಗೈ ಎರಡಕ್ಕೂ ಒಪ್ಪಲೆಂದು ಮಾಡಿದ್ದಾರೆ. ಹಾಗಾಗಿ ಅದು ಯಾವ ಕೈಗೂ ಪೂರ್ತಿ ಒಪ್ಪುವುದಿಲ್ಲ. ಸ್ಪರ್ಧೆಯ ಪಿಸ್ತೂಲಿನ ಹಿಡಿ ಚಪ್ಪಲಿಯ ಹಾಗೆ, ಒಬ್ಬರದ್ದು ಇನ್ನೊಬ್ಬರಿಗಾಗದು. ಹೆಬ್ಬೆರಳಿನ ಬುಡದ ದಿಂಡು ಎಲ್ಲಿ ಒರಗಬೇಕು, ನಡುಬೆರಳು ಎಲ್ಲಿ ಒತ್ತಬೇಕು, ಅಂಗೈಯ ಗುಳಿಯನ್ನು ಏನು ತುಂಬಬೇಕು ಎಂಬುದು ಪ್ರತಿಸಲ ಒಂದೇ ಥರ ಇದ್ದರೆ ಕಣ್ಣುಮುಚ್ಚಿ ತೋಳೆತ್ತಿ ಕಣ್ಣು ತೆರೆದಾಗ ಮುಂಗುರಿ ಸೀಳಿನ ನಡುವೆಯೇ ಇರುತ್ತದೆ. ನಮ್ಮ ಹುಡುಗಿ ಹಾಗೆ ಕಣ್ಣು ತೆರೆದಾಗಲೆಲ್ಲ ಮುಂಗುರಿ ಎಡಕ್ಕೆ ಸರಿದಿರುತ್ತಿತ್ತು. ಮಣಿಕಟ್ಟು ತಿರುಚಿ ಅದನ್ನು ಸರಿಮಾಡಿಕೊಳ್ಳುತ್ತಿದ್ದಳು. ಇಪ್ಪತ್ತು ಗುಂಡಾದ ಮೇಲೆ ಮಣಿಕಟ್ಟು ಸೋಲುತ್ತಿತ್ತು, ಏಳು, ಎಂಟು ಬೀಳುತ್ತಿದ್ದವು. ಮೂರು ತಿಂಗಳು ನಾವೆಲ್ಲ ಅವಳ ಏಕಾಗ್ರತೆಯನ್ನೇ ದೂರಿದೆವು. ಕುಣಿಯಲಾರದವಳು ನೆಲ ಡೊಂಕೆಂದಳು ಎನ್ನುತ್ತಾರಲ್ಲ, ಇಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು. ಆ ಮೂರು ತಿಂಗಳ ಬೈಗುಳಕ್ಕಾಗಿ ನನಗೆ ಇವತ್ತಿಗೂ ಬೇಸರವಿದೆ.

ಸರಿಮಾಡಿದವರು ಗುಬ್ಬಿಯ ಬಡಗಿ. ಬಾಗಿಲ ಚೌಕಟ್ಟು, ಮಂಟಪದ ಕೆತ್ತನೆ ಮಾಡುವವರು, ಪಿಸ್ತೂಲು ಮುಟ್ಟಿದ್ದು ಅದೇ ಮೊದಲು. ಹುಡುಗಿಯ ಅಂಗೈಗೆ ಸುಣ್ಣ ಸವರಿ ಹಿಡಿಯನ್ನು ಹಿಡಿಸಿದರು. ಸುಣ್ಣ ಹತ್ತಿದ ಕಡೆ ಅರದಿಂದ ಉಜ್ಜಿದರು, ಹತ್ತದ ಕಡೆ ಮರದ ಪುಟ್ಟಿ ತುಂಬಿದರು. ನಾಲ್ಕು ಸಂಜೆಯ ಕೆಲಸ. ಪಕ್ಕದಲ್ಲಿ ಕೂತು ನಿಯಮ ನೋಡಿಕೊಳ್ಳುವುದು ನನ್ನ ಪಾಲು. ಇಡೀ ಪಿಸ್ತೂಲು 420, 200, 50 ಮಿಲಿಮೀಟರಿನ ಪೆಟ್ಟಿಗೆಯೊಳಗೆ ಹಿಡಿಸಬೇಕು. ಪುಟ್ಟಿ ಹೆಚ್ಚಾಗಿ ಹಿಡಿ ದಪ್ಪವಾದರೆ ಆ 50 ಮಿಲಿಮೀಟರಿನಲ್ಲಿ ಸಿಕ್ಕಿಬೀಳುತ್ತದೆ. ಅಂಗೈ ಕೂರುವ ಅಡ್ಡಪಟ್ಟಿ ಹಿಡಿಗೆ 90 ಡಿಗ್ರಿಗಿಂತ ಕಡಿಮೆ ಕೋನಕ್ಕೆ ಬಾಗಬಾರದು, ಹಿಡಿಯ ಯಾವ ಭಾಗವೂ ಮಣಿಕಟ್ಟಿಗೆ ಆಸರೆಯಾಗಬಾರದು. ಬಡಗಿ ರಟ್ಟಿನಲ್ಲಿ ಒಂದು ಪೆಟ್ಟಿಗೆ ಮಾಡಿಕೊಂಡು ಪ್ರತಿಸಲ ಅದರೊಳಗೆ ಇಳಿಸಿ ನೋಡಿದರು. ಐದನೆಯ ದಿನ ಹುಡುಗಿ ಕಣ್ಣುಮುಚ್ಚಿ ತೋಳೆತ್ತಿದಳು, ಕಣ್ಣು ಬಿಟ್ಟಳು, ನಕ್ಕಳು. ಮುಂಗುರಿ ನಡುವೆ ಇತ್ತು. ಕೊಳ್ಳುವವರಿಗೆ ನನ್ನ ಮಾತು ಇಷ್ಟೇ: ಒಂದು ಕೈಗೆ ಹೊಂದಿಸಬಲ್ಲ ಹಿಡಿಯ ಪ್ರೊ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಇಲ್ಲವಾದರೆ ಬಡಗಿಯ ಕೂಲಿಯನ್ನೂ ಪಿಸ್ತೂಲಿನ ಬೆಲೆಗೆ ಸೇರಿಸಿಕೊಳ್ಳಿ.

ಕೊನೆಯದು ಗಾಳಿ. ಈ ಪಿಸ್ತೂಲು ಉಸಿರಾಡುವುದು 200 ಬಾರ್ ಒತ್ತಡದ ಸಿಲಿಂಡರಿನಿಂದ. ಒಮ್ಮೆ ತುಂಬಿದರೆ ನೂರಕ್ಕೂ ಹೆಚ್ಚು ಗುಂಡು. ಆದರೆ ತುಂಬಿಸುವ ಅನುಕೂಲ ಇರುವುದು ಬೆಂಗಳೂರಿನಲ್ಲಿ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದ ಪ್ರಕಾಶ್ ನಂಜಪ್ಪ, 2023ರಲ್ಲಿ ಬಾಕು ವಿಶ್ವಕಪ್ಪಿನ ಮಿಶ್ರ ತಂಡದಲ್ಲಿ ಸರಬ್‌ಜೋತ್ ಸಿಂಗ್ ಜೊತೆ ಚಿನ್ನ ಗೆದ್ದ ಟಿ.ಎಸ್. ದಿವ್ಯಾ, ಇಬ್ಬರೂ ಬೆಂಗಳೂರಿನವರು. ಅಲ್ಲಿ ರೇಂಜ್ ಇದೆ, ರೇಂಜಿನಲ್ಲಿ ಗಾಳಿ ಇದೆ. ತುಮಕೂರಿನಿಂದ ಸುಮಾರು 70 ಕಿಲೋಮೀಟರ್, ಗುಬ್ಬಿಯಿಂದ ಇನ್ನಷ್ಟು ದೂರ. ಗಾಳಿ ಮುಗಿದಾಗಲೆಲ್ಲ ಅಷ್ಟು ದೂರ ಹೋಗಲಾಗದು ಎಂದು ಕೈಪಂಪು ತಂದೆವು. ಒತ್ತಡ ಹೆಚ್ಚಾದಾಗ ಹುಡುಗಿಯ ಮೈಭಾರ ಸಾಲದು, ಭಾವನೇ ಒತ್ತಬೇಕು. ಮಳೆಗಾಲದ ಗಾಳಿಯ ತೇವ ಸಿಲಿಂಡರಿನೊಳಗೆ ಹೋಗದಂತೆ ಶೋಧಕ ಹಾಕಬೇಕು. ಕೊಬ್ಬರಿ ಕೊಠಡಿಯ ದೂಳು ತುಂಬುವ ಬಾಯಿಗೆ ಸೇರದಂತೆ ಮುಚ್ಚಳ ಮರೆಯಬಾರದು.

ಸಿಲಿಂಡರಿಗೆ ಆಯುಸ್ಸೂ ಇದೆ, ಸಾಮಾನ್ಯವಾಗಿ ಹತ್ತು ವರ್ಷ. ಅದರ ವರ್ಷವನ್ನು ಮೈಮೇಲೇ ಗುರುತಿಸಿರುತ್ತಾರೆ. ಅವಧಿ ಮೀರದಂತೆ ನೋಡಿಕೊಳ್ಳುವುದು ಸ್ಪರ್ಧಿಯದೇ ಹೊಣೆ. ಎರಡನೆಯ ಸಿಲಿಂಡರನ್ನು ನಾವು ಒಬ್ಬರಿಂದ ಹಳೆಯದಾಗಿ ಕೊಂಡಿದ್ದೆವು. ಒಂದು ಸ್ಪರ್ಧೆಯ ತಪಾಸಣೆಯ ಮೇಜಿನಲ್ಲಿ ಆ ವರ್ಷವನ್ನು ನೋಡಿ ವಾಪಸು ಕೊಟ್ಟರು. ಮೊದಲ ಸಿಲಿಂಡರ್ ಜೊತೆಗಿದ್ದದ್ದರಿಂದ ಅವಳು ಅವತ್ತು ಹೊಡೆದಳು.

ಗಾಳಿ, ಸಿಲಿಂಡರಿನ ಈ ತಾಪತ್ರಯದ ಕಾರಣಕ್ಕೇ ಕುಣಿಗಲ್ ಕಡೆಯ ಗೆಳೆಯರೊಬ್ಬರು ಮಗನಿಗೆ ಯಾವುದು ಕೊಡಿಸಲಿ ಎಂದಾಗ ನಾನು ಸ್ಪೇನಿನ ಗಾಮೊ ಕಾಂಪ್ಯಾಕ್ಟ್ ಹೆಸರನ್ನೂ ಹೇಳಿದೆ. ಅದೂ ಪಾಲಿಮರ್ ಮೈಯದು, ಅದೂ ಹೆಚ್ಚುಕಡಿಮೆ ಇಷ್ಟೇ ತೂಕ. ಸಿಲಿಂಡರ್ ಇಲ್ಲ. ಪ್ರತಿ ಗುಂಡಿಗೂ ಒಂದು ಸಲ ಸನ್ನೆ ಎಳೆದು ಒತ್ತಿದರೆ ಆ ಗುಂಡಿಗೆ ಬೇಕಾದಷ್ಟು ಗಾಳಿ ತುಂಬಿಕೊಳ್ಳುತ್ತದೆ. ಪಂಪು, ಶೋಧಕ, ಗಡುವು ಯಾವುದೂ ಬೇಡ. ಆದರೆ ತಯಾರಿ ಹೊಡೆತವೂ ಸೇರಿ ಎಂಬತ್ತು ತೊಂಬತ್ತು ಸಲ ಆ ಸನ್ನೆ ಒತ್ತುವಾಗ ಎಳೆಯ ತೋಳು ದಣಿಯುತ್ತದೆ, ದಣಿದ ತೋಳಿನಲ್ಲೇ ಗುರಿ ಹಿಡಿಯಬೇಕು. ಟ್ರಿಗರಿನಲ್ಲೂ ಎಪಿ 20ರ ನಯವಿಲ್ಲ. ಮನೆಯಲ್ಲಿ ದೊಡ್ಡವರೊಬ್ಬರು ಪಂಪು ಒತ್ತಲು ಸಿದ್ಧರಿದ್ದರೆ ಎಪಿ 20, ಹುಡುಗ ಒಬ್ಬನೇ ಅಭ್ಯಾಸ ಮಾಡಿಕೊಳ್ಳಬೇಕಾದ ಮನೆಯಾದರೆ ಕಾಂಪ್ಯಾಕ್ಟ್ ಎಂದೆ. ಎರಡರಲ್ಲಿ ಯಾವುದಾದರೂ ಪೆಲೆಟ್ ಸೀಸದ್ದೇ, ಅಭ್ಯಾಸ ಮುಗಿದೊಡನೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬಾರದು ಎಂಬುದನ್ನೂ ಹೇಳಿದೆ.

ಅವಳ ಹೆಗಲು ಈಗ ಗಟ್ಟಿಯಾಗುತ್ತಿದೆ. ಇನ್ನೊಂದು ವರ್ಷಕ್ಕೆ ಒಂದು ಕಿಲೋ ತೂಗುವ ಪಿಸ್ತೂಲು ಬೇಕಾಗಬಹುದು ಎಂದು ಕೋಚು ಹೇಳಿದ್ದಾರೆ. ಪಕ್ಕದ ತೋಟದವರ ಹುಡುಗನಿಗೆ ಹನ್ನೊಂದು ವರ್ಷ. ಸಂಜೆ ಬಂದು ಕೊಠಡಿಯ ಬಾಗಿಲಲ್ಲಿ ನಿಂತು ನೋಡುತ್ತಾನೆ. ಎಡಗೈಯವನು. ಪುಟ್ಟಿ ಕೆರೆದು ತೆಗೆದು ಆ ಹಿಡಿಯನ್ನು ಎಡಗೈಗೆ ತಿರುಗಿಸಬಹುದೇ ಎಂದು ಬಡಗಿಯನ್ನು ಕೇಳಿದ್ದೇನೆ. ಆಗುತ್ತದೆ, ಹುಡುಗನನ್ನು ಕರೆತನ್ನಿ, ಕೈ ನೋಡಬೇಕು ಎಂದಿದ್ದಾರೆ. ಮೊದಲ ಸಿಲಿಂಡರಿನ ಮೇಲಿನ ವರ್ಷದ ಪ್ರಕಾರ ಅದಕ್ಕಿನ್ನೂ ಏಳು ವರ್ಷ ಬಾಕಿ ಇದೆ.