ತತ್ತ್ವಪದವೂ ರಾಕ್ ಸಂಗೀತವೂ: ರಘು ದೀಕ್ಷಿತರ ಗೀತಸಂಪುಟಗಳ ವಿಮರ್ಶೆಯನ್ನು ಕುರಿತು

ಒಂದು ಗೀತಸಂಪುಟವನ್ನು ಕುರಿತು ಪ್ರಶಂಸೆಯಾಗಲಿ ಆಕ್ಷೇಪವಾಗಲಿ ಹುಟ್ಟಿದಾಗ, ವಿಮರ್ಶಕನ ಕಿವಿಯು ಯಾವುದನ್ನು ಕೇಳಿತು, ಯಾವುದನ್ನು ಕೇಳದೆ ಬಿಟ್ಟಿತು ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ. ರಾಕ್ ಸಂಗೀತದ ಗಾಯಕರೂ ಗೀತಕಾರರೂ ಆದ ರಘು ದೀಕ್ಷಿತರ ಸಂಪುಟಗಳಿಗೆ ದೊರೆತ ಮನ್ನಣೆಯನ್ನು ಪರಿಶೀಲಿಸುವವರಿಗೆ ಈ ವಿಚಾರ ಅನಿವಾರ್ಯವಾಗಿ ಎದುರಾಗುತ್ತದೆ.

1974ರಲ್ಲಿ ನಾಸಿಕದಲ್ಲಿ ಜನಿಸಿ ಮೈಸೂರಿನಲ್ಲಿ ಬೆಳೆದ ದೀಕ್ಷಿತರು ಸೂಕ್ಷ್ಮಜೀವಿಶಾಸ್ತ್ರವನ್ನೂ ಭರತನಾಟ್ಯವನ್ನೂ ಅಭ್ಯಾಸ ಮಾಡಿದವರು. ಅವರ ವೃಂದದ ಮೊದಲನೆಯ ಸಂಪುಟವು 2008ರಲ್ಲಿಯೂ, ಎರಡನೆಯದಾದ ‘ಜಗ್ ಚಂಗಾ’ 2013ರಲ್ಲಿಯೂ ಹೊರಬಂದುವು. ಚಲನಚಿತ್ರದ ಕಥೆಯನ್ನು ಆಶ್ರಯಿಸದೆ ಸ್ವತಂತ್ರವಾಗಿ ನಿಂತ ಈ ಸಂಪುಟಗಳಲ್ಲಿ ಹಿಂದಿ, ಇಂಗ್ಲಿಷ್, ಕನ್ನಡ ಗೀತೆಗಳು ಬೆರೆತಿವೆ. ಕನ್ನಡದ ಭಾಗದಲ್ಲಿ ಎದ್ದು ತೋರುವುವು ಶಿಶುನಾಳ ಶರೀಫರ (1819–1889) ತತ್ತ್ವಪದಗಳು. ಮೊದಲನೆಯ ಸಂಪುಟದಲ್ಲಿ ‘ಗುಡುಗುಡಿಯ ಸೇದಿ ನೋಡೋ’, ಎರಡನೆಯದರಲ್ಲಿ ‘ಲೋಕದ ಕಾಳಜಿ’.

ಹೊರನಾಡಿನ ಮನ್ನಣೆ ಬೇಗನೆ ಬಂದಿತು. 2010ರಲ್ಲಿ ಬಿ.ಬಿ.ಸಿ. ದೂರದರ್ಶನದ ಜೂಲ್ಸ್ ಹಾಲೆಂಡರ ಕಾರ್ಯಕ್ರಮದಲ್ಲಿ ಈ ವೃಂದವು ಹಾಡಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯು ಹೊಸಬರಿಗೆ ಸಲ್ಲುವ ಪ್ರಶಸ್ತಿಯನ್ನು ನೀಡಿತು. ಕಂಠದ ಬಲ, ಲಯದ ಉತ್ಸಾಹ, ಬಣ್ಣದ ಲುಂಗಿ ಮತ್ತು ಕಾಲಿನ ಗೆಜ್ಜೆ ಇವು ಕಿವಿಗೂ ಕಣ್ಣಿಗೂ ಸುಲಭವಾಗಿ ನಿಲುಕುವ ಗುಣಗಳು. ಆದರೆ ಕನ್ನಡವನ್ನರಿಯದ ಕೇಳುಗನಿಗೆ ಶರೀಫರ ಪದವು ನಾದ ಮಾತ್ರವಾಗಿ ಉಳಿಯುತ್ತದೆ. ‘ಜಾನಪದ ರಾಕ್’ ಎಂಬ ಹೆಸರು ಆ ನಾದಕ್ಕೆ ಒಪ್ಪಬಹುದು. ಪದದೊಳಗಿನ ವಿಚಾರವನ್ನು ಅದು ಮುಟ್ಟದು.

ಒಳನಾಡಿನ ಕೇಳುಗನ ಕಷ್ಟ ಬೇರೆ. ಪಿ. ಕಾಳಿಂಗರಾಯರಿಂದ ಮೊದಲುಗೊಂಡು ಕವಿತೆಯನ್ನು ವೇದಿಕೆಗೆ ತಂದ ಸುಗಮ ಸಂಗೀತದ ಪರಂಪರೆಯಲ್ಲಿ ಶರೀಫರ ಪದಗಳಿಗೆ ಸಿ. ಅಶ್ವಥ್ ಅವರ ಧ್ವನಿಯೇ ಪ್ರಮಾಣವೆನಿಸಿತು. 1990ರಲ್ಲಿ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಂಗೀತವನ್ನು ನೀಡಿದವರೂ ಅವರೇ. ಆ ಧಾಟಿಗೆ ಒಗ್ಗಿದ ಕಿವಿಯು ಗಿಟಾರ್, ಡ್ರಮ್‌ಗಳ ನಡುವೆ ಅದೇ ಪದವನ್ನು ಕೇಳಿದಾಗ ‘ಶರೀಫರು ಹೀಗಲ್ಲ’ ಎಂದು ತೀರ್ಮಾನಿಸುವುದು ಸಹಜ. ಆದರೆ ಅಶ್ವಥ್ ಅವರ ಧಾಟಿಯೂ ಇಪ್ಪತ್ತನೆಯ ಶತಮಾನದ್ದು ಎಂಬುದನ್ನು ಮರೆಯಲಾಗದು. ಅದಕ್ಕಿಂತ ಹಳೆಯದು ಭಜನೆಯ ಧಾಟಿ. ಮಾಯಕೊಂಡದ ನಿಲ್ದಾಣದಿಂದ ಹೊರಟ ರೈಲು ದಾವಣಗೆರೆಯನ್ನು ಬಿಟ್ಟು, ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿತೆಂದರೆ ಶರೀಫರ ಹಾವೇರಿ ಸೀಮೆ ಬಂದಿತೆಂದೇ ಅರ್ಥ. ಈ ಹಾದಿಯ ಊರುಗಳಲ್ಲಿ ತಂಬೂರಿ, ದಮ್ಮಡಿ, ತಾಳಗಳೊಡನೆ ತತ್ತ್ವಪದವನ್ನು ಹಾಡುವವರು ಒಂದೇ ಪದಕ್ಕೆ ಊರಿಗೊಂದು ಮಟ್ಟನ್ನು ಹಿಡಿಯುವುದುಂಟು. ಆದುದರಿಂದ ಮಟ್ಟು ಬದಲಾದುದೇ ದೋಷವೆನ್ನುವುದು ಆ ಪರಂಪರೆಗೇ ವಿರುದ್ಧವಾದ ಮಾತು.

ಹಾಗಾದರೆ ಗುಣದೋಷಗಳನ್ನು ಅಳೆಯುವ ಮಾನ ಯಾವುದು? ಪದದ ಬೆಡಗು ಕೇಳುಗನನ್ನು ಮುಟ್ಟುವಂತೆ ಹಾಡಲಾಗಿದೆಯೇ ಎಂಬುದೇ ಆ ಮಾನವೆಂದು ನಮಗೆ ತೋರುತ್ತದೆ. ‘ಲೋಕದ ಕಾಳಜಿ’ಯು ಲೋಕವನ್ನೆಲ್ಲ ತಾನೇ ಹೊತ್ತೆನೆಂದು ಬೀಗುವವನನ್ನು ಆಡುಮಾತಿನಲ್ಲಿ ಹಾಸ್ಯಮಾಡುವ ಪದ. ದೀಕ್ಷಿತರ ಚುರುಕಾದ ಲಯವು ಮಾತಿನ ಏರಿಳಿತವನ್ನೇ ಅನುಸರಿಸುವುದರಿಂದ ಹಾಸ್ಯದ ಮೊನೆ ಇಲ್ಲಿ ಮಂಕಾಗಿಲ್ಲ. ಕುಣಿಯುತ್ತಿರುವ ಕೇಳುಗನೇ ಹಾಸ್ಯಕ್ಕೆ ಗುರಿಯಾಗಿರುವುದು ಪದದ ಸ್ವಭಾವಕ್ಕೆ ಒಪ್ಪುವಂಥದೇ ಆಗಿದೆ. ‘ಗುಡುಗುಡಿಯ’ ಪದದ ಸಂಗತಿ ಹಾಗಲ್ಲ. ಅಲ್ಲಿ ಹೊಗೆ ಸೇದುವ ಸಲಕರಣೆಗಳೆಲ್ಲ ಮನಸ್ಸು, ಮೋಹ, ಬುದ್ಧಿಗಳ ಸಂಕೇತಗಳು. ಅರ್ಥವು ನುಡಿಯಿಂದ ನುಡಿಗೆ ಬಿಚ್ಚಿಕೊಳ್ಳುತ್ತದೆ. ಸಭೆಯೆಲ್ಲ ಕೂಡಿ ಪಲ್ಲವಿಯನ್ನೇ ಕೂಗಿ ತಣಿದಾಗ ಸಂಕೇತವು ಅಳಿದು ಗುಡುಗುಡಿಯೊಂದೇ ಉಳಿಯುವ ಅಪಾಯವಿದೆ. ದೀಕ್ಷಿತರ ಕಂಠವು ಆ ಪದಕ್ಕೆ ಹೊಸ ಜೀವವನ್ನು ಕೊಟ್ಟಿರುವುದು ನಿಜ. ಆ ಜೀವವು ಪಲ್ಲವಿಯಲ್ಲಿ ತುಂಬಿದಷ್ಟು ನುಡಿಗಳಲ್ಲಿ ತುಂಬಿಲ್ಲವೆಂಬುದೂ ಅಷ್ಟೇ ನಿಜ.

ಇಲ್ಲೊಂದು ಶಂಕೆ ಉದಿಸಬಹುದು: ತಾನೇ ರಚಿಸಿ ಹಾಡುವ ಗಾಯಕನ ಸಾಧನೆಯನ್ನು ಅನ್ಯರ ಪದಗಳಿಂದ ಅಳೆಯುವುದು ನ್ಯಾಯವೇ? ಅವರ ಸ್ವಂತ ರಚನೆಗಳನ್ನು ಪ್ರತ್ಯೇಕವಾಗಿ ವಿಮರ್ಶಿಸಬೇಕೆಂಬುದು ಒಪ್ಪತಕ್ಕ ಮಾತು. ಆದರೆ ತತ್ತ್ವಪದದ ಕೊನೆಯಲ್ಲಿ ‘ಶಿಶುನಾಳಧೀಶ’ನ ಅಂಕಿತವಿರುತ್ತದೆ. ಯಾರು ಹಾಡಿದರೂ ಯಾವ ವಾದ್ಯ ನುಡಿದರೂ ಪದವು ಅಲ್ಲಿಗೆ ತಲುಪಬೇಕು. ಅಂಕಿತದವರೆಗೆ ಕೇಳುಗನನ್ನು ಕರೆದೊಯ್ದ ಹಾಡುಗಾರನು ಪರಂಪರೆಯವನೇ ಆಗುತ್ತಾನೆ. ಪಲ್ಲವಿಯಲ್ಲಿಯೇ ನಿಲ್ಲಿಸಿದವನು ಎಷ್ಟು ಇಂಪಾಗಿ ಹಾಡಿದರೂ ಅದರ ಅತಿಥಿ ಮಾತ್ರ.

ನಮ್ಮ ಸಾಹಿತ್ಯವಿಮರ್ಶೆಯು ಅಚ್ಚಾದ ಪಠ್ಯವನ್ನು ಓದುವಷ್ಟು ಶ್ರದ್ಧೆಯಿಂದ ಧ್ವನಿಮುದ್ರಣವನ್ನು ಕೇಳುವ ಅಭ್ಯಾಸವನ್ನು ಇನ್ನೂ ಬೆಳೆಸಿಕೊಳ್ಳಬೇಕಾಗಿದೆ. ಇಂದಿನ ವಿದ್ಯಾರ್ಥಿಗಳಲ್ಲಿ ಹಲವರು ಶರೀಫರನ್ನು ಪುಸ್ತಕದಲ್ಲಿ ಓದುವ ಮೊದಲೇ ಇಂಥ ಸಂಪುಟಗಳಲ್ಲಿ ಕೇಳಿರುತ್ತಾರೆ. ತರಗತಿಯಲ್ಲಿ ಭಜನೆಯ ಮಟ್ಟು, ಅಶ್ವಥ್ ಅವರ ಧಾಟಿ, ದೀಕ್ಷಿತರ ಧಾಟಿ ಮೂರನ್ನೂ ಪಠ್ಯದ ಪಕ್ಕದಲ್ಲಿಟ್ಟು ಕೇಳಿಸಿದರೆ, ಪ್ರತಿಯೊಂದೂ ಪದದ ಯಾವ ಭಾಗವನ್ನು ಬೆಳಗಿತು, ಯಾವುದನ್ನು ಮರೆಗೆ ಸರಿಸಿತು ಎಂಬುದು ಅವರಿಗೇ ಗೋಚರವಾಗುತ್ತದೆ.