ಗೋಳಗುಮ್ಮಟದ ಎರಡರಷ್ಟು?

ಮುಂಬಯಿಯ ಗೊರಾಯಿಯಲ್ಲಿರುವ ವಿಪಶ್ಯನಾ ಪಗೋಡದ ಮಾತು ಬಂದಾಗಲೆಲ್ಲ ವಿಜಯಪುರದ ಹೆಸರೂ ಬರುತ್ತದೆ: ಪಗೋಡ ಗೋಳಗುಮ್ಮಟದ ಎರಡರಷ್ಟು ದೊಡ್ಡದು, ಕಂಬಗಳಿಲ್ಲದ ಕಲ್ಲಿನ ಗುಮ್ಮಟಗಳಲ್ಲಿ ಜಗತ್ತಿಗೇ ಮೊದಲು. ಅಂಕಿಗಳಲ್ಲಿ ತಕರಾರಿಲ್ಲ. ಪಗೋಡದ ಒಳವ್ಯಾಸ 85 ಮೀಟರ್, ಗೋಳಗುಮ್ಮಟದ್ದು ಸುಮಾರು 38. ಸಡಿಲವಾಗಿರುವುದು ಹೋಲಿಕೆ. ವಿಜಯಪುರದ ಗುಮ್ಮಟ ಕಲ್ಲಿನದಲ್ಲ, ಇಟ್ಟಿಗೆ ಮತ್ತು ಗಾರೆಯದು. ಅದು ಬಿಡಿಸಿದ ಲೆಕ್ಕವೂ ಬೇರೆ. ಚೌಕ ಕೋಣೆಯ ಮೇಲೆ ದುಂಡು ಚಾವಣಿ ಕೂರಿಸಬೇಕಿತ್ತು. ಅದಕ್ಕಾಗಿ ಒಂದನ್ನೊಂದು ಹಾಯುವ ಎಂಟು ಕಮಾನುಗಳನ್ನು ಎತ್ತಿ, ಅವು ಒಳಕ್ಕೆ ಚಾಚಿದ ಭಾರದಿಂದಲೇ ಗುಮ್ಮಟದ ಹೊರತಳ್ಳುವಿಕೆಗೆ ಎದುರೊತ್ತು ಕೊಟ್ಟರು. ಪಗೋಡದ ಬುಡ ಮೊದಲೇ ವೃತ್ತ. ಅಲ್ಲಿ ಈ ಸಮಸ್ಯೆಯೇ ಇಲ್ಲ.

ಇಷ್ಟು ಅಗಲ ಹಾಯಿಸಿದ್ದೇ ಸಾಹಸವಲ್ಲವೇ ಎಂದು ಕೇಳಬಹುದು. ಸಾಹಸ ಹೌದು, ಆದರೆ ಅದರ ಹೆಚ್ಚಿನ ಪಾಲು ಕಟ್ಟುವವರದು, ವಿನ್ಯಾಸದ್ದಲ್ಲ. ಪ್ರಮಾಣ ಕೆಡಿಸದೆ ಗುಮ್ಮಟವನ್ನು ಎರಡು ಪಟ್ಟು ಹಿಗ್ಗಿಸಿದರೆ ಭಾರ ಎಂಟು ಪಟ್ಟಾಗುತ್ತದೆ, ಹೊರುವ ಮೈ ನಾಲ್ಕು ಪಟ್ಟಾಗುತ್ತದೆ; ಕಲ್ಲಿನ ಮೇಲಿನ ಒತ್ತಡ ಏರುವುದು ಎರಡೇ ಪಟ್ಟು. ಕಲ್ಲಿಗೆ ಅಷ್ಟು ತಾಳಿಕೆ ಧಾರಾಳವಾಗಿದೆ. ಗುಮ್ಮಟ ನಿಲ್ಲುವುದು ಬಲದಿಂದಲ್ಲ, ಆಕಾರದಿಂದ. ಗೊರಾಯಿಯಲ್ಲಿ ಮೆಚ್ಚಬೇಕಾದ ಕೌಶಲ ಇರುವುದೂ ಆಕಾರದಲ್ಲೇ. ಒಳಗಿನ ಎತ್ತರ 29 ಮೀಟರ್ ಮಾತ್ರ. ಇಷ್ಟು ಚಪ್ಪಟೆ ಬಾಗು ಬುಡವನ್ನು ಜೋರಾಗಿ ಹೊರಕ್ಕೆ ನೂಕುತ್ತದೆ. ಸಾಲದ್ದಕ್ಕೆ ಅದರ ನೆತ್ತಿಯ ಮೇಲೆ ಇನ್ನೆರಡು ಗುಮ್ಮಟಗಳ ಹೊರೆ. ಈ ನೂಕನ್ನು ತಡೆದಿರುವುದು ಸುತ್ತಲಿನ ದಪ್ಪ ಕಲ್ಲಿನ ಮೈ. ತಲಾ 600–700 ಕಿಲೋ ತೂಗುವ ಜೋಧಪುರದ ಮರಳುಗಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿವೆ.

ಗುಮ್ಮಟಕ್ಕೆ ಕಬ್ಬಿಣ ಬಳಸದಿರುವ ತೀರ್ಮಾನ ನನ್ನ ಮಟ್ಟಿಗೆ ಅಗಲದ ದಾಖಲೆಗಿಂತ ದೊಡ್ಡದು. ಉಪ್ಪುಗಾಳಿಗೆ ಸರಳು ತುಕ್ಕು ಹಿಡಿದು, ಉಬ್ಬಿ, ಸ್ಲ್ಯಾಬ್ ಉದುರುವುದನ್ನು ಮುಂಬಯಿಯವರಿಗೆ ವಿವರಿಸಬೇಕಿಲ್ಲ. ಖಾಡಿಯ ಪಕ್ಕದಲ್ಲಿ ಶತಮಾನಗಳ ಬಾಳಿಕೆ ಬಯಸುವವರಿಗೆ ಕಲ್ಲು ಕೇವಲ ಹಳೆಯ ಕಾಲದ ಮೋಹವಲ್ಲ, ಲೆಕ್ಕಾಚಾರ. ಬಾಗಿದ ಚಾವಣಿ ಸದ್ದನ್ನು ಒಂದೆಡೆ ಕೂಡಿಸಿ ಮಾತನ್ನು ಕಲಸುತ್ತದೆಂಬ ಆಕ್ಷೇಪವೂ ಇದೆ. ಸಯನ್‌ನ ಷಣ್ಮುಖಾನಂದದಂಥ ಸಂಗೀತ ಸಭಾಗೃಹಕ್ಕೆ ಇಂಥ ಗುಮ್ಮಟ ಹೊದಿಸಿದರೆ ಕಛೇರಿಯೇ ಕೆಟ್ಟೀತು. ಎಂಟು ಸಾವಿರ ಜನ ಬಾಯಿಮುಚ್ಚಿ ಕೂರುವ ಧ್ಯಾನಮಂದಿರಕ್ಕೆ ಆ ದೋಷ ಅಷ್ಟಾಗಿ ತಟ್ಟದು.

ನನ್ನ ತಕರಾರು ಹೊರರೂಪದ್ದು. ಹೊರಗೆ ಕಾಣುವುದು ಯಾಂಗೋನ್‌ನ ಶ್ವೇಡಗೋನ್ ಪಗೋಡದ ಬಂಗಾರದ ಪಡಿಯಚ್ಚು, ಹತ್ತಿರ ಹತ್ತಿರ ನೂರು ಮೀಟರ್ ಎತ್ತರ. ಬುದ್ಧನ ಧರ್ಮ ಬರ್ಮಾದಿಂದ ಭಾರತಕ್ಕೆ ಮರಳಿತೆಂಬ ಕೃತಜ್ಞತೆಯ ಗುರುತು ಅದು ಎಂಬ ಸಮರ್ಥನೆ ನ್ಯಾಯವಾದದ್ದೇ. ಆದರೂ ಶ್ವೇಡಗೋನ್‌ನ ಒಡಲು ಗಟ್ಟಿ, ಇದರದು ಟೊಳ್ಳು. ಗೋಳಗುಮ್ಮಟವನ್ನು ದೂರದಿಂದ ನೋಡಿದವನು ಒಳಗಿನ ಜಾಗವನ್ನು ಊಹಿಸಬಲ್ಲ. ಗೊರಾಯಿಯ ಜೆಟ್ಟಿಯಲ್ಲಿ ನಿಂತವನಿಗೆ ಚಿನ್ನದ ಬಣ್ಣವಷ್ಟೇ ಕಾಣುತ್ತದೆ, 85 ಮೀಟರಿನ ಬಯಲಿನ ಸುಳಿವು ಎಲ್ಲೂ ಸಿಗದು.